ಲ್ಯಾಬ್ ಸರ್ಟಿಫಿಕೇಟ್ ಇರುವ ನಾಲ್ ಮಡಕೆಯನ್ನು ಹರಾಜಿನಲ್ಲಿ ಕೊಳ್ಳಬಹುದೇ? ಹೂಡಿಕೆಗೆ ಮಡಕೆ, ಮಣಿ, ಶಿಲ್ಪ ಯಾವುದು ಒಳ್ಳೆಯದು?

ಟಿಎಲ್ ಕಾಗದ, ಅಂದರೆ ಮಡಕೆಯ ವಯಸ್ಸು ಹೇಳುವ ಲ್ಯಾಬ್ ಸರ್ಟಿಫಿಕೇಟ್, ಇದೆಯಲ್ಲ ಅಂದಿದ್ದೀರಿ. ನನ್ನ ಕುಡಿಕೆಗೂ ಇತ್ತು. ಅದೂ ನಾಲ್‌ನದೇ, ಅಂದರೆ ಬಲೂಚಿಸ್ತಾನದ ಆ ಪ್ರಾಚೀನ ನೆಲೆಯ ಶೈಲಿಯದು. ಸಪಾಟು ತಳ, ಹೊಟ್ಟೆಯ ಸುತ್ತ ಕಪ್ಪು ಗೆರೆಯ ಮೀನು, ಮೀನಿನೊಳಗೆ ಹಳದಿ, ನೀಲಿ. ಲಂಡನ್ನಿನ ಹರಾಜಿನಲ್ಲಿ 600 ಪೌಂಡಿಗೆ ಸುತ್ತಿಗೆ ಬಿತ್ತು, ಶೇ 25ರ ಕೊಳ್ಳುಗರ ಕಮಿಷನ್ ಸೇರಿ 750 ಆಯಿತು, ಸಾಗಣೆ ಮತ್ತು ಸುಂಕ ಬೇರೆ. ಕುಡಿಕೆ ನಿಜಕ್ಕೂ ಸಾವಿರಾರು ವರ್ಷ ಹಳೆಯದೇ. ಮೀನು ಮಾತ್ರ ಹೊಸದು.

ಟಿಎಲ್ ಅಂದರೆ ಥರ್ಮೋಲುಮಿನೆಸೆನ್ಸ್. ಜೇಡಿಮಣ್ಣಿನೊಳಗಿನ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಹರಳುಗಳು ಸುತ್ತಲಿನ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಆವಿಗೆಯಲ್ಲಿ ಸುಟ್ಟಾಗ ಅದೆಲ್ಲ ಖಾಲಿಯಾಗಿ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಲ್ಯಾಬಿನವರು ತಳದಲ್ಲಿ ಸುಮಾರು 3 ಮಿ.ಮೀ. ತೂತು ಕೊರೆದು, ಆ ಪುಡಿಯನ್ನು ಕಾಯಿಸಿ, ಹೊಮ್ಮುವ ಬೆಳಕನ್ನು ಅಳೆಯುತ್ತಾರೆ. ಈ ಮಣ್ಣು ಕೊನೆಯ ಬಾರಿ ಸುಟ್ಟದ್ದು ಯಾವಾಗ ಎಂಬ ಒಂದೇ ಪ್ರಶ್ನೆಗೆ ಉತ್ತರ ಅದು. ಹೊಟ್ಟೆಯ ಮೇಲೆ ಯಾರು ಯಾವಾಗ ಏನು ಬರೆದರು ಎಂಬುದು ಆ ಪುಡಿಯಲ್ಲಿ ಇರುವುದೇ ಇಲ್ಲ. ಅಗೆದು ತೆಗೆದ ಬೋಳು ಮಡಕೆಗೆ ಬೆಲೆ ಕಡಿಮೆ, ಚಿತ್ರವಿದ್ದರೆ ಹಲವು ಪಟ್ಟು. ಹಾಗಾಗಿ ಅಸಲಿ ಬೋಳು ಮಡಕೆಯ ಮೇಲೆ ಹೊಸ ಚಿತ್ರ ಬರೆಯುವುದು ಈ ವ್ಯಾಪಾರದ ಹಳೆಯ ಕಸುಬು. ಕಾಗದ ಸುಳ್ಳಲ್ಲ, ಮಡಕೆ ಸುಳ್ಳು.

ಇಷ್ಟು ನನಗೆ ಕೊಳ್ಳುವ ಮೊದಲೇ ಗೊತ್ತಿತ್ತು. ಆದರೂ ಬಿದ್ದೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾಲ್ ಮಡಕೆಯಲ್ಲಿ ಒಂದು ತೊಡಕಿದೆ. ಪಾರ್ಸೆಲ್ ಬಂದ ದಿನ ಒದ್ದೆ ಇಯರ್ ಬಡ್‌ನಿಂದ ಹಳದಿಯನ್ನು ಮುಟ್ಟಿದೆ, ಬಣ್ಣ ಬಡ್‌ಗೆ ಅಂಟಿಕೊಂಡು ಬಂತು. ಬೇರೆ ಮಡಕೆಯಾಗಿದ್ದರೆ ಅಲ್ಲಿಗೇ ತೀರ್ಪು. ಆದರೆ ನಾಲ್ ಮಡಕೆಗಳಿಗೆ ಕೆಂಪು, ಹಳದಿ, ನೀಲಿ, ಹಸಿರು ತುಂಬಿದ್ದು ಸುಟ್ಟ ಮೇಲೆ. ಅಸಲಿಯಲ್ಲೂ ಆ ಬಣ್ಣ ನಿಲ್ಲುವುದಿಲ್ಲ, ಮ್ಯೂಸಿಯಮ್ಮಿನ ಮಡಕೆಗಳಲ್ಲೂ ಮಾಸಿಹೋಗಿದೆ. ‘ನಾಲ್ ಅಲ್ಲವೇ, ಹೀಗೇ ಇರಬೇಕು’ ಎಂದು ಸಮಾಧಾನ ಮಾಡಿಕೊಂಡೆ. ನೋಡಬೇಕಾಗಿದ್ದದ್ದು ಹಳದಿಯನ್ನಲ್ಲ, ಕಪ್ಪು ಗೆರೆಯನ್ನು. ಹೊರಗೆರೆ ಸುಡುವ ಮೊದಲು ಎಳೆದದ್ದು, ಮೈಯ ಜೊತೆ ಬೆಂದಿರುತ್ತದೆ. ನೀರಿಗಿರಲಿ, ಅಸಿಟೋನಿಗೂ ಅದು ಬರಬಾರದು. ವಾಪಸಾತಿಯ ಗಡುವು ಮುಗಿದ ಮೇಲೆ ಗೆರೆಗೆ ಸೂಜಿತಲೆಯಷ್ಟು ಜಾಗದಲ್ಲಿ ಅಸಿಟೋನ್ ಮುಟ್ಟಿಸಿದೆ. ಗೆರೆ ಹೋಯಿತು, ಕೆಳಗೆ ಬಿಳಿ ಸುಣ್ಣದ ಹೊಪ್ಪಳೆ ಕಾಣಿಸಿತು.

ಹೊಪ್ಪಳೆ ಮಣ್ಣಿನೊಳಗೆ ಕಟ್ಟುವಂಥದ್ದು. ಆದ್ದರಿಂದ ಒಳಗಿನಿಂದ ಹೊರಕ್ಕೆ ಕ್ರಮ ಹೀಗಿರಬೇಕು: ಮೈ, ಗೆರೆ, ಹೊಪ್ಪಳೆ. ನನ್ನದರಲ್ಲಿ ಮೈ, ಹೊಪ್ಪಳೆ, ಗೆರೆ. ಹತ್ತು ಪಟ್ಟಿನ ಲೆನ್ಸಿನಲ್ಲಿ ಇದು ರಾಸಾಯನಿಕವಿಲ್ಲದೆಯೇ ಕಾಣುತ್ತದೆ. ಅಂಚಿನ ಹಳೆಯ ಚಕ್ಕೆಯೊಳಕ್ಕೆ ಬಣ್ಣ ಇಳಿದಿದೆಯೇ ಅಂತಲೂ ನೋಡಿ. ಇಳಿದಿದ್ದರೆ ಒಡೆದ ಮೇಲೆ ಬರೆದದ್ದು. 365 ನ್ಯಾನೊಮೀಟರ್ ಯುವಿ ಟಾರ್ಚಿಗೆ ಹೊಸ ಅಂಟು, ರೆಸಿನ್ ಹೆಚ್ಚಾಗಿ ಹೊಳೆಯುತ್ತವೆ. ಆದರೆ ಪ್ರಾಮಾಣಿಕವಾಗಿ ಅಂಟಿಸಿ ರಿಪೇರಿ ಮಾಡಿದ್ದೂ ಹೊಳೆಯುತ್ತದೆ, ಹಾಗಾಗಿ ಹೊಳಪು ಕಂಡ ಕೂಡಲೇ ನಕಲಿ ಅನ್ನಬೇಡಿ. ಇನ್ನೊಂದು ಆಟವೂ ಇದೆ: ಹಳೆಯ ತಳದ ಚೂರಿಗೆ ಹೊಸ ಮೈ ಕೂಡಿಸುವುದು. ಅದಕ್ಕೇ ಪುಡಿಯನ್ನು ತಳದಲ್ಲೂ ಮೇಲ್ಭಾಗದಲ್ಲೂ, ಎರಡು ಕಡೆ ತೆಗೆದಿರಬೇಕು. ಎಲ್ಲಿ ಕೊರೆದರು ಎಂದು ಸರ್ಟಿಫಿಕೇಟಿನ ಫೋಟೊ ತೋರಿಸದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ.

ಇನ್ನು ‘ಹೂಡಿಕೆಗೆ ಯಾವುದು ಒಳ್ಳೆಯದು’ ಎಂಬ ಪ್ರಶ್ನೆ. ಆ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಭಾರತದಲ್ಲಿ 100 ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಮಾರಾಟದ ವ್ಯವಹಾರಕ್ಕೆ ಲೈಸೆನ್ಸ್ ಬೇಕು. ಕಲ್ಲು, ಲೋಹ, ಸುಟ್ಟ ಮಣ್ಣು, ದಂತದ ಶಿಲ್ಪಗಳನ್ನು 1972ರ ಕಾಯ್ದೆಯಡಿ ನೋಂದಾಯಿಸಬೇಕು, ಕೈ ಬದಲಾದರೆ ತಿಳಿಸಬೇಕು. ಮಡಕೆ, ಮಣಿ ಆ ನೋಂದಣಿ ಪಟ್ಟಿಯಲ್ಲಿಲ್ಲ, ಆದರೂ ಅವು ಪುರಾವಸ್ತುಗಳೇ. ಇಷ್ಟು ಬಾಗಿಲು ಮುಚ್ಚಿದ ಪೇಟೆಯಲ್ಲಿ ಲಾಭ ಹುಡುಕುವುದಾದರೆ ಬೇರೆ ಏನಾದರೂ ಕೊಳ್ಳಿ.

ಶಿಲ್ಪವನ್ನಂತೂ ಮುಟ್ಟಬೇಡಿ. ಕಲ್ಲಿಗೆ ಟಿಎಲ್ ತರಹದ ಆಸರೆಯೂ ಇಲ್ಲ, ದೇವಸ್ಥಾನದಿಂದ ಕದ್ದದ್ದೂ ಇರಬಹುದು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರಿಗೆ ಕೊಂಡ ಕಂಚಿನ ನಟರಾಜನಿಗೂ ದಾಖಲೆಗಳಿದ್ದವು, ಎಲ್ಲ ಖೋಟಾ. ವಿಗ್ರಹ ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದ್ದು, 2014ರಲ್ಲಿ ಭಾರತಕ್ಕೆ ಮರಳಿತು. ಮೂಲ ಗೊತ್ತಿದ್ದರೂ ಸಾಲದು: 1898ರಲ್ಲಿ ಉತ್ತರ ಪ್ರದೇಶದ ಪಿಪ್ರಾಹ್ವಾ ಸ್ತೂಪದಲ್ಲಿ ಬುದ್ಧನದೆನ್ನುವ ಅಸ್ಥಿಯ ಜೊತೆ ಸಿಕ್ಕ ರತ್ನಗಳ ಹಾಂಗ್‌ಕಾಂಗ್ ಹರಾಜು 2025ರ ಮೇನಲ್ಲಿ ಭಾರತದ ಆಕ್ಷೇಪದಿಂದ ನಿಂತಿತು.

ಏನಾದರೂ ಕೊಳ್ಳಲೇಬೇಕೆಂದು ಕೈ ಕಡಿಯುತ್ತಿದ್ದರೆ, ದಾಖಲೆ ಗಟ್ಟಿಯಿರುವ ಮಣಿ ನೋಡಿ. ಮಣಿಯಲ್ಲಿ ಮೊದಲು ನೋಡಬೇಕಾದ್ದು ತೂತು. ಹರಪ್ಪದ ಉದ್ದ ಕಾರ್ನೀಲಿಯನ್ (ಕೆಂಪು ಕಲ್ಲಿನ) ಮಣಿಗಳನ್ನು ಎರಡೂ ತುದಿಯಿಂದ ಕೊರೆಯುತ್ತಿದ್ದರು. ಹಿಂದಿನಿಂದ ಬೆಳಕು ಹಾಯಿಸಿದರೆ ನಡುವೆ ಎರಡು ತೂತುಗಳು ಕೂಡುವಲ್ಲಿ ಸಣ್ಣ ತಪ್ಪುಜೋಡಣೆ ಕಾಣುವುದುಂಟು. ಗುಜರಾತಿನ ಖಂಭಾತಿನಲ್ಲಿ ಇಂದಿಗೂ ಮಣಿ ಮಾಡುತ್ತಾರೆ, ವಜ್ರದ ಮೊನೆಯಿಂದ ಕೊರೆಯುತ್ತಾರೆ. ಅದು ಒಳಗೋಡೆಯಲ್ಲಿ ಒತ್ತೊತ್ತಾದ ಗೀರು ಬಿಡುತ್ತದೆ. ಬಿಳಿ ಚಿತ್ತಾರದ ಮಣಿಯಾದರೆ ಉಗುರಾಡಿಸಿ. ಕ್ಷಾರ ಹಚ್ಚಿ ಕಾಯಿಸಿದ ಗೆರೆ ಕಲ್ಲಿನೊಳಗೇ ಇರುತ್ತದೆ, ಉಬ್ಬು ಸಿಕ್ಕಿದರೆ ಬಣ್ಣ ಬಳಿದಿದ್ದಾರೆ.

ನಿಮ್ಮ ಮಡಕೆಯ ವಿವರದಲ್ಲಿ ‘ಲಂಡನ್ ಖಾಸಗಿ ಸಂಗ್ರಹ, 1980ರ ದಶಕ’ ಎಂದಿದೆ. ನಾಲ್ ಇರುವುದು ಬಲೂಚಿಸ್ತಾನದಲ್ಲಿ, ಪಾಕಿಸ್ತಾನದ ಪುರಾವಸ್ತು ಕಾಯ್ದೆ 1975ರದು. ಅದಕ್ಕಿಂತ ಮೊದಲೇ ಹೊರಬಂದಿತ್ತೆಂದು ತೋರಿಸುವ ರಸೀದಿಯೋ ಫೋಟೊವೋ ಇಲ್ಲದಿದ್ದರೆ, ಅಸಲಿಯಾದಷ್ಟೂ ತಾಪತ್ರಯ ಜಾಸ್ತಿ. ನನ್ನ ಪ್ರಕಾರ ಬಿಟ್ಟುಬಿಡಿ. ಕೇಳುವುದಿಲ್ಲ ಅಂತಾದರೆ, ಕೂಗುವ ಮೊದಲು ಕಪ್ಪು ಗೆರೆಯ ಮೇಲೆ ಅಸಿಟೋನ್ ಪರೀಕ್ಷೆಯನ್ನು ಹರಾಜಿನವರಿಂದಲೇ ಮಾಡಿಸಿ, ಮಡಕೆಯ ಒಳಮೈಯ ಫೋಟೊ ತರಿಸಿ. ನನ್ನ ಕುಡಿಕೆಯ ಒಳಗೆ ಕಂಠದವರೆಗೆ ದಪ್ಪ ಸುಣ್ಣ, ಹೊರಗೆ ಕುಳಿಗಳಲ್ಲಿ ಬಿಟ್ಟರೆ ಚಿತ್ರ ಬರೆಯಲೆಂದು ನುಣ್ಣಗೆ ಉಜ್ಜಿದ ಮೈ. ಕ್ಯಾಟಲಾಗಿನ ಫೋಟೊದಲ್ಲೇ ಅದು ಕಂಡಿತ್ತು. ಚೆನ್ನಾಗಿ ತೊಳೆದಿದ್ದಾರೆ ಅಂದುಕೊಂಡಿದ್ದೆ.