ನಾಳದಲ್ಲೇ ನಿಂತ ಗರ್ಭ: ಉರಿಯೂತದ ಪಾಲೆಷ್ಟು?

ಪ್ರಶ್ನೆ: ನನಗೆ 29 ವರ್ಷ. ಮೊದಲ ಗರ್ಭ ಎಡಗಡೆಯ ಗರ್ಭನಾಳದಲ್ಲಿ ನಿಂತಿದ್ದರಿಂದ ಶಸ್ತ್ರಚಿಕಿತ್ಸೆ ಮಾಡಿ ಆ ನಾಳವನ್ನೇ ತೆಗೆದರು. ಅದರ ಪ್ರಯೋಗಾಲಯದ ವರದಿಯಲ್ಲಿ ‘ದೀರ್ಘಕಾಲದ ಉರಿಯೂತದ ಲಕ್ಷಣಗಳಿವೆ’ ಎಂದಿದೆ. ನನಗೆ ಕಿಬ್ಬೊಟ್ಟೆ ನೋವಾಗಲಿ, ಜ್ವರವಾಗಲಿ, ಅಸಹಜ ಬಿಳಿ ಸ್ರಾವವಾಗಲಿ ಎಂದೂ ಇರಲಿಲ್ಲ. ಹಾಗಿದ್ದರೆ ಈ ಉರಿಯೂತ ಎಲ್ಲಿಂದ ಬಂತು? ಉಳಿದ ನಾಳಕ್ಕೂ ಇದೇ ಗತಿಯೇ?

ಉತ್ತರ: ಅಂಡವೂ ವೀರ್ಯಾಣುವೂ ಕೂಡುವುದು ಗರ್ಭಕೋಶದಲ್ಲಲ್ಲ, ನಾಳದಲ್ಲಿ. ಅಲ್ಲಿಂದ ಗರ್ಭಕೋಶಕ್ಕೆ ಬರಲು ಭ್ರೂಣಕ್ಕೆ ಮೂರು ನಾಲ್ಕು ದಿನ ಹಿಡಿಯುತ್ತದೆ. ಅದಕ್ಕೆ ಸ್ವಂತ ಚಲನೆಯಿಲ್ಲ. ನಾಳದ ಒಳಪದರದ ಮೇಲೆ ಗಾಳಿಗೆ ತೊನೆಯುವ ಪೈರಿನಂತೆ ಒಂದೇ ದಿಕ್ಕಿಗೆ ಬಾಗುವ ಸೂಕ್ಷ್ಮ ರೋಮಗಳು ಮತ್ತು ನಾಳದ ಗೋಡೆಯ ಸ್ನಾಯುಗಳು ಅದನ್ನು ಸಾಗಿಸಬೇಕು. ಸೋಂಕಿನಿಂದ ಉರಿಯೂತವಾದಾಗ ರೋಮಗಳಿರುವ ಜೀವಕೋಶಗಳು ಉದುರುತ್ತವೆ, ಒಳಪದರದ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು ಕುರುಡು ಸಂದುಗಳಾಗುತ್ತವೆ, ಗೋಡೆಯಲ್ಲಿ ಗಾಯದ ಅಂಗಾಂಶ ಬೆಳೆದು ಸ್ನಾಯುವಿನ ಲಯ ಕೆಡುತ್ತದೆ. ಎರಡೂ ನಾಳಗಳು ಪೂರ್ತಿ ಮುಚ್ಚಿಹೋದರೆ ಅಂಡ ಮತ್ತು ವೀರ್ಯಾಣು ಸೇರುವುದೇ ಇಲ್ಲ, ಆಗ ಆಗುವುದು ಬಂಜೆತನ. ಅಪಾಯವಿರುವುದು ಅರ್ಧ ಕೆಟ್ಟು ಇನ್ನೂ ತೆರೆದಿರುವ ನಾಳದಲ್ಲಿ: ಅಲ್ಲಿ ವೀರ್ಯಾಣು ನುಸುಳಿಬಿಡುತ್ತದೆ, ಅದಕ್ಕಿಂತ ಬಹಳ ದೊಡ್ಡದಾದ ಭ್ರೂಣ ತಡೆದು ನಿಲ್ಲುತ್ತದೆ.

ಆದರೆ ನಿಂತ ಮಾತ್ರಕ್ಕೆ ಭ್ರೂಣ ಬೇರೂರಬೇಕೆಂದಿಲ್ಲ, ಏಕೆಂದರೆ ಆರೋಗ್ಯವಂತ ನಾಳದ ಒಳಪದರ ಅದಕ್ಕೆ ಅವಕಾಶ ಕೊಡುವಂಥದ್ದಲ್ಲ. ಉರಿಯೂತದ ಎರಡನೆಯ ಪಾತ್ರ ಇಲ್ಲಿದೆ. ಉರಿಯೂತಗೊಂಡ ಅಂಗಾಂಶ ಹೊರಬಿಡುವ ಸೈಟೊಕೈನ್‌ಗಳು, ಪ್ರೊಸ್ಟಗ್ಲಾಂಡಿನ್‌ಗಳು ಮುಂತಾದ ರಾಸಾಯನಿಕ ಸಂಕೇತಗಳಲ್ಲಿ ಹಲವು, ಗರ್ಭಕೋಶವು ಭ್ರೂಣವನ್ನು ಬರಮಾಡಿಕೊಳ್ಳಲು ಬಳಸುವಂಥವೇ ಆಗಿವೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೀಡಿಯ ಬ್ಯಾಕ್ಟೀರಿಯದ ಸೋಂಕು ನಾಳದಲ್ಲಿ ಪ್ರೊಕೈನೆಟಿಸಿನ್ ಎಂಬ ಇಂಥದ್ದೇ ಒಂದು ಸಂಕೇತದ ಗ್ರಾಹಕಗಳನ್ನು, ಅಂದರೆ ಆ ಸಂಕೇತವನ್ನು ಹಿಡಿದುಕೊಳ್ಳುವ ಅಣುಗಳನ್ನು, ಹೆಚ್ಚಿಸುತ್ತದೆ ಎಂಬುದನ್ನು ಎಡಿನ್‌ಬರೊದ ಸಂಶೋಧಕರು 2011ರಲ್ಲಿ ತೋರಿಸಿದರು; ಧೂಮಪಾನವೂ ಇದೇ ಕುಟುಂಬದ ಮತ್ತೊಂದು ಗ್ರಾಹಕವನ್ನು ಹೆಚ್ಚಿಸುತ್ತದೆ.

ಲಕ್ಷಣಗಳೇ ಇಲ್ಲದೆ ಉರಿಯೂತ ಹೇಗೆ ಬಂತೆಂದು ಕೇಳಿದ್ದೀರಿ. ಕ್ಲಮೀಡಿಯ ತಗುಲಿದ ಹೆಚ್ಚಿನ ಮಹಿಳೆಯರಿಗೆ ಅದರ ಸುಳಿವೇ ಸಿಗುವುದಿಲ್ಲ, ವರ್ಷಗಳ ನಂತರ ಅದು ಬಿಟ್ಟುಹೋದ ಗಾಯ ಮಾತ್ರ ಕಾಣಿಸುತ್ತದೆ. ಹಾಗೆಂದು ಎಲ್ಲವನ್ನೂ ಲೈಂಗಿಕ ಸೋಂಕಿನ ತಲೆಗೆ ಕಟ್ಟಬಾರದು, ಅದನ್ನು ಹಿಡಿದು ಯಾರ ನಡತೆಯನ್ನೂ ಶಂಕಿಸಲೂಬಾರದು. ಒಡೆದ ಅಪೆಂಡಿಕ್ಸ್, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ), ಕ್ಷಯ, ಹಿಂದಿನ ಶಸ್ತ್ರಚಿಕಿತ್ಸೆ ಇವೂ ನಾಳವನ್ನು ಕೆಡಿಸಬಲ್ಲವು. ನಾಳದಲ್ಲಿ ಗರ್ಭ ನಿಂತವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗುರುತಿಸಬಹುದಾದ ಯಾವ ಅಪಾಯಕಾರಿ ಅಂಶವೂ ಇರುವುದಿಲ್ಲ.

ವರದಿಯನ್ನೂ ಸ್ವಲ್ಪ ಎಚ್ಚರದಿಂದ ಓದಬೇಕು. ನಾಳದ ಗೋಡೆಯಲ್ಲಿ ಬೇರೂರುವ ಗರ್ಭ ಮತ್ತು ಅದರ ಸುತ್ತ ಸುರಿದ ರಕ್ತ ತಾವೇ ಉರಿಯೂತ ಹುಟ್ಟಿಸುತ್ತವೆ. ಹೀಗಾಗಿ ತೆಗೆದ ನಾಳದಲ್ಲಿ ಕಂಡದ್ದೆಲ್ಲ ಕಾರಣವಾಗಿರಬೇಕಿಲ್ಲ, ಪರಿಣಾಮವೂ ಆಗಿರಬಹುದು. ಗಾಯದ ಅಂಗಾಂಶ, ಅಂಟಿಕೊಂಡ ಮಡಿಕೆಗಳು ಮತ್ತು ಪ್ಲಾಸ್ಮಾ ಕೋಶಗಳು (ಪ್ರತಿಕಾಯ ತಯಾರಿಸುವ ರಕ್ಷಣಾ ಕೋಶಗಳು) ಇದ್ದರೆ ಉರಿಯೂತ ಹಳೆಯದು ಎನ್ನಲು ಆಧಾರವಿದೆ. ಹಳೆಯ ಉರಿಯೂತಕ್ಕೂ ನಾಳಗರ್ಭಕ್ಕೂ ನಂಟಿದೆ ಎಂಬುದರಲ್ಲಂತೂ ಅನುಮಾನವಿಲ್ಲ: ಸ್ವೀಡನ್ನಿನ ಲುಂಡ್‌ನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಳದ ಉರಿಯೂತವನ್ನು ಲ್ಯಾಪರೊಸ್ಕೋಪಿಯಿಂದ (ಹೊಟ್ಟೆಯೊಳಗೆ ದರ್ಶಕ ನಳಿಕೆ ತೂರಿಸಿ ನೋಡುವ ವಿಧಾನದಿಂದ) ದೃಢಪಡಿಸಿಕೊಂಡ ಮಹಿಳೆಯರ ಮುಂದಿನ ಮೊದಲ ಗರ್ಭಗಳಲ್ಲಿ ಶೇ. 9.1 ಅಸ್ಥಾನದಲ್ಲಿ ನಿಂತಿದ್ದವು, ಉರಿಯೂತವಿಲ್ಲದವರಲ್ಲಿ ಈ ಪ್ರಮಾಣ ಶೇ. 1.4 ಮಾತ್ರ.

ಸೋಂಕು ಸಾಮಾನ್ಯವಾಗಿ ಗರ್ಭಕೋಶದಿಂದ ಎರಡೂ ನಾಳಗಳಿಗೆ ಏರುತ್ತದೆ, ಆದರೆ ಹಾನಿ ಎರಡರಲ್ಲೂ ಸಮನಾಗಿರುವುದಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಬಲಗಡೆಯ ನಾಳ ಹೇಗೆ ಕಂಡಿತೆಂದು ನಿಮ್ಮ ವೈದ್ಯರನ್ನು ಕೇಳಿ. ವರದಿಗಿಂತ ಆ ಉತ್ತರವೇ ನಿಮಗೆ ಹೆಚ್ಚು ಉಪಯುಕ್ತ. ಒಮ್ಮೆ ಹೀಗಾದವರಲ್ಲಿ ಮತ್ತೆ ಹೀಗಾಗುವ ಸಂಭವ ಸುಮಾರು ಶೇ. 10. ಮುಂದಿನ ಬಾರಿ ಮುಟ್ಟು ತಪ್ಪಿದ ಕೂಡಲೇ ಪರೀಕ್ಷಿಸಿಕೊಂಡು, ಗರ್ಭದ ಹಾರ್ಮೋನಾದ ಎಚ್‌ಸಿಜಿಯ ರಕ್ತಪರೀಕ್ಷೆಯನ್ನೂ ಆರನೆಯ ವಾರದ ಹೊತ್ತಿಗೆ ಸ್ಕ್ಯಾನಿಂಗನ್ನೂ ಮಾಡಿಸಿ. ಹೊಟ್ಟೆಯ ಒಂದು ಬದಿಯಲ್ಲಿ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು ಅಥವಾ ತಲೆಸುತ್ತು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಉರಿಯೂತ ತಗ್ಗಿಸುವ ಮಾತ್ರೆಗಳಿಂದ ಗರ್ಭನಾಳವನ್ನು ಮೊದಲಿನಂತೆ ಮಾಡಿಕೊಳ್ಳಬಹುದೇ?

ಉತ್ತರ: ಇಲ್ಲ. ಸಕ್ರಿಯ ಸೋಂಕು ಇದ್ದರೆ ಆ್ಯಂಟಿಬಯೋಟಿಕ್ ಅದನ್ನು ನಿವಾರಿಸುತ್ತದೆ, ಸಂಗಾತಿಗೂ ಚಿಕಿತ್ಸೆಯಾದರೆ ಮರುಸೋಂಕು ತಪ್ಪುತ್ತದೆ. ಆಗಿಹೋದ ಗಾಯವನ್ನು ಯಾವ ಮಾತ್ರೆಯೂ ಅಳಿಸದು. ನಾಳ ಶುದ್ಧಿ ಮಾಡುತ್ತೇವೆನ್ನುವ ಕಷಾಯಗಳಿಗೆ ಹಣ ಸುರಿಯಬೇಡಿ.

ಪ್ರಶ್ನೆ: ಐವಿಎಫ್‌ನಲ್ಲಿ (ಪ್ರನಾಳ ಶಿಶು ಚಿಕಿತ್ಸೆಯಲ್ಲಿ) ಭ್ರೂಣವನ್ನು ನೇರವಾಗಿ ಗರ್ಭಕೋಶಕ್ಕೇ ಬಿಡುವುದರಿಂದ ನಾಳದ ಗೊಡವೆಯೇ ಇರುವುದಿಲ್ಲವಲ್ಲವೇ?

ಉತ್ತರ: ಹಾಗೆನಿಸುವುದು ಸಹಜ. ಆದರೆ ಈ ಚಿಕಿತ್ಸೆಯ ಪ್ರವರ್ತಕರಾದ ಪ್ಯಾಟ್ರಿಕ್ ಸ್ಟೆಪ್ಟೊ ಮತ್ತು ರಾಬರ್ಟ್ ಎಡ್ವರ್ಡ್ಸ್ 1976ರಲ್ಲಿ ವರದಿ ಮಾಡಿದ ಐವಿಎಫ್ ಗರ್ಭವೇ ನಾಳದಲ್ಲಿ ನಿಂತಿತ್ತು. ಗರ್ಭಕೋಶಕ್ಕೆ ಬಿಟ್ಟ ಭ್ರೂಣ ತಕ್ಷಣ ಬೇರೂರುವುದಿಲ್ಲ. ಗರ್ಭಕೋಶದ ಸಂಕೋಚನಗಳಿಂದ ಅದು ನಾಳದೊಳಕ್ಕೆ ಸರಿಯಬಹುದು, ಕೆಟ್ಟ ನಾಳಕ್ಕೆ ಅದನ್ನು ಹಿಂದಕ್ಕೆ ತಳ್ಳುವ ಶಕ್ತಿ ಇರುವುದಿಲ್ಲ. ಹಳೆಯ ಉರಿಯೂತದಿಂದ ನಾಳ ಮುಚ್ಚಿ ನೀರು ತುಂಬಿಕೊಂಡಿದ್ದರೆ, ಐವಿಎಫ್‌ಗೆ ಮೊದಲೇ ಅದನ್ನು ತೆಗೆಯಲು ಅಥವಾ ಬುಡದಲ್ಲಿ ಮುಚ್ಚಲು ವೈದ್ಯರು ಸಲಹೆ ನೀಡುತ್ತಾರೆ, ಏಕೆಂದರೆ ಆ ನೀರು ಗರ್ಭಕೋಶಕ್ಕೆ ಜಿನುಗುತ್ತಿದ್ದರೆ ಗರ್ಭ ನಿಲ್ಲುವ ಸಂಭವವೇ ಕಡಿಮೆಯಾಗುತ್ತದೆ.