ಕ್ಯಾಂಪಸ್‌ಗೆ ಸ್ವಂತ ಪೊಲೀಸ್ ಬೇಕೇ? ಮೊದಲು ದಾಖಲೆ ತೆಗೆಸಿ
ನಿಮ್ಮ ವಿಶ್ವವಿದ್ಯಾಲಯ ಸ್ವಂತ ಪೊಲೀಸ್ ಪಡೆ ಕಟ್ಟುವ ಯೋಚನೆಯಲ್ಲಿದೆ, ಅದರ ಬಗ್ಗೆ ಸಮಿತಿಯಲ್ಲಿ ಮತ ಹಾಕಬೇಕಾದ ನೀವು ಸಾರ್ವಜನಿಕ ದಾಖಲೆ ಕಾನೂನಿನಡಿ ಅಪರಾಧದ ಲೆಕ್ಕ ಕೇಳಿದರೆ ಕೊಡಲಿಲ್ಲ ಅಂದಿರಿ. ಅದಕ್ಕೆ ಕಾರಣ ಬಹುಶಃ ನೀವು ಕೇಳಿದ ದಾರಿ. ನಿಮ್ಮದು ಖಾಸಗಿ ಸಂಸ್ಥೆ. ಸಾರ್ವಜನಿಕ ದಾಖಲೆ ಕಾನೂನು ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಂಥವರಿಗೆ ಪೂರ್ತಿ ಅನ್ವಯಿಸುವುದಿಲ್ಲ. ಅದರ ಬದಲು 1990ರ ಕ್ಲೆರಿ ಕಾಯ್ದೆ ಹಿಡಿಯಿರಿ, ಅದು ಕ್ಯಾಂಪಸ್ ಅಪರಾಧದ ಮಾಹಿತಿಯನ್ನು ಕಾಲೇಜುಗಳು ಬಹಿರಂಗಪಡಿಸಬೇಕು ಅನ್ನುವ ಅಮೆರಿಕದ ಕೇಂದ್ರ ಕಾನೂನು.

ಮೊದಲು ಭದ್ರತಾ ಕಚೇರಿಗೆ ಹೋಗಿ ದಿನದ ಅಪರಾಧ ಪಟ್ಟಿ ಕೇಳಿ. ಕಳೆದ 60 ದಿನಗಳದ್ದನ್ನು ಕಚೇರಿ ವೇಳೆಯಲ್ಲಿ ಯಾರು ಕೇಳಿದರೂ ತೋರಿಸಲೇಬೇಕು. ಪ್ರತಿ ಸಾಲಿನಲ್ಲೂ ಅಪರಾಧದ ಬಗೆ, ದಿನಾಂಕ, ಸಮಯ, ಜಾಗ, ಪ್ರಕರಣ ಏನಾಯಿತು ಅನ್ನುವುದು ಇರುತ್ತದೆ. ಒಂದೊಂದೇ ಸಾಲು ಓದಿ. ಲೈಬ್ರರಿಯ ಮೇಜಿನ ಮೇಲೆ ಬಿಟ್ಟುಹೋದ ಲ್ಯಾಪ್‌ಟಾಪ್, ಬೀಗ ಮುರಿದ ಸೈಕಲ್ ಇಂಥವೇ ಜಾಸ್ತಿ ಇದ್ದರೆ, ಅದಕ್ಕೆ ಬಂದೂಕು ಹಿಡಿದ ಪೊಲೀಸರು ಬೇಡ ಅಂತಲೇ ನನ್ನ ಅಭಿಪ್ರಾಯ. ಹಲ್ಲೆ, ದರೋಡೆ ಕಂಡರೆ ಮಾತು ಬೇರೆ. ಆದರೆ ಲೈಂಗಿಕ ದೌರ್ಜನ್ಯದ ಎಷ್ಟೋ ದೂರು ದಾಖಲಾಗುವುದೇ ಇಲ್ಲ. ಹಾಗಾಗಿ ಸಂಖ್ಯೆ ಕಡಿಮೆ ಅಂದ ಮಾತ್ರಕ್ಕೆ ಸುಮ್ನೆ ನಂಬಬೇಡಿ.

ಆಮೇಲೆ ಇದೇ ಕಾಯ್ದೆಯಡಿ ವಿಶ್ವವಿದ್ಯಾಲಯ ಹೊರತರುವ ವಾರ್ಷಿಕ ಭದ್ರತಾ ವರದಿಯಲ್ಲಿ ಮೂರು ವರ್ಷದ ಅಂಕಿಗಳನ್ನು ಹೋಲಿಸಿ.

ಪಡೆ ಬರುವುದು ಖಚಿತವಾದರೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ. ಕ್ಯಾಂಪಸ್ ಹೊರಗೆ ಅವರ ಅಧಿಕಾರ ಎಲ್ಲಿಯವರೆಗೆ? ಪೊಲೀಸರ ಮೇಲಿನ ದೂರನ್ನು ಹೊರಗಿನವರು ವಿಚಾರಿಸುತ್ತಾರಾ? ನಗರ ಪೊಲೀಸರಂತೆ ದಾಖಲೆ ತೆರೆದಿಡುತ್ತಾರಾ? ಮೂರನೆಯದಕ್ಕೆ ರಾಜ್ಯದ ಕಾನೂನು ಬೇರೆ ಬೇರೆ, ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ. ಉತ್ತರ ಕೈಗೆ ಬರುವವರೆಗೆ ಸಮಿತಿಯಲ್ಲಿ ಮತ ಹಾಕಬೇಡಿ.