ನನ್ನಲ್ಲಿ ಬಿಲ್ಡ್ ಆಗುತ್ತದೆ, ಗೆಳತಿಯಲ್ಲಿ ಆಗುವುದಿಲ್ಲ

ಪ್ರಶ್ನೆ: ಮುಕ್ತ ಲೈಸೆನ್ಸಿನ ಕನ್ನಡ ಫಾಂಟ್ ಒಂದನ್ನು ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಾಗಿ ಪ್ಯಾಕೇಜ್ ಮಾಡಿದ್ದೇನೆ, ಅಂದರೆ ಇನ್‌ಸ್ಟಾಲ್ ಮಾಡಬಹುದಾದ ರೂಪಕ್ಕೆ ತಂದಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಮೂಲ ಫೈಲುಗಳಿಂದ ಪ್ಯಾಕೇಜು ಸಲೀಸಾಗಿ ಬಿಲ್ಡ್ ಆಗುತ್ತದೆ. ಗೆಳತಿಯದರಲ್ಲಿ ‘ಫಾಂಟ್‌ಫೋರ್ಜ್ ಇಲ್ಲ’ (ಫಾಂಟ್ ತಯಾರಿಸುವ ತಂತ್ರಾಂಶ ಅದು) ಎಂದು ನಿಂತುಬಿಡುತ್ತದೆ. ಟಿಟಿಎಫ್, ಅಂದರೆ ನೇರ ಬಳಸಬಹುದಾದ ಫಾಂಟ್ ಫೈಲು ಸಿದ್ಧವಾಗಿಯೇ ಸಿಗುವಾಗ ಅದನ್ನೇ ಪ್ಯಾಕೇಜಿಗೆ ಹಾಕಿದರೆ ಸಾಲದೇ?
– ಎಂಸಿಎ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪ್ಯಾಕೇಜಿನ ವಿವರಗಳಿರುವ ಕಂಟ್ರೋಲ್ ಫೈಲು ತೆರೆದು, ಕಟ್ಟಲು ಬೇಕಾದ ತಂತ್ರಾಂಶಗಳನ್ನು ಹೆಸರಿಸುವ ‘ಬಿಲ್ಡ್-ಡಿಪೆಂಡ್ಸ್’ ಸಾಲು ನೋಡಿ. ಅಲ್ಲಿ ಪ್ಯಾಕೇಜು ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಇರುತ್ತದೆ, ಫಾಂಟ್‌ಫೋರ್ಜ್ ಇರಲಾರದು; ಅದನ್ನೂ ಸೇರಿಸಿ. ನೀವು ಎಂದೋ ಅದನ್ನು ಇನ್‌ಸ್ಟಾಲ್ ಮಾಡಿಕೊಂಡಿದ್ದರಿಂದ ನಿಮ್ಮಲ್ಲಿ ಕೆಲಸ ನಡೆಯಿತು. ಡೆಬಿಯನ್‌ನ ಬಿಲ್ಡ್ ಸರ್ವರುಗಳು ಪ್ರತಿ ಸಲವೂ ಹೆಚ್ಚುಕಡಿಮೆ ಬರಿಗೈಯಲ್ಲಿ ಶುರುಮಾಡುತ್ತವೆ: ಜಿಸಿಸಿ, ಮೇಕ್ ಮುಂತಾದ ಮೂಲ ಸಾಧನಗಳ ‘ಬಿಲ್ಡ್-ಎಸೆನ್ಷಿಯಲ್’ ಗುಂಪು, ಅದರ ಮೇಲೆ ನೀವು ಬರೆದು ಕೇಳಿದ್ದಷ್ಟೇ. ನಡುವೆ ಇಂಟರ್‌ನೆಟ್‌ನಿಂದ ಏನನ್ನೂ ಇಳಿಸಿಕೊಳ್ಳುವಂತಿಲ್ಲ. ಅದೇ ಸ್ಥಿತಿಯನ್ನು ನಿಮ್ಮ ಯಂತ್ರದಲ್ಲೇ ಸೃಷ್ಟಿಸಲು ‘ಎಸ್‌ಬಿಲ್ಡ್’ ಇದೆ. ನಾನಂತೂ ಎಷ್ಟೇ ಸಣ್ಣ ಪ್ಯಾಕೇಜಾದರೂ ಅದರೊಳಗೇ ಕಟ್ಟುತ್ತೇನೆ, ಆಮೇಲೆ ಪ್ಯಾಕೇಜಿನ ತಪ್ಪುಗಳನ್ನು ಹುಡುಕುವ ‘ಲಿಂಟಿಯನ್’ ಓಡಿಸಿ ಅದರ ದೂರುಗಳನ್ನು ಒಂದೊಂದಾಗಿ ಓದುತ್ತೇನೆ.

2019ರಲ್ಲಿ ಬಸ್ಟರ್ ಆವೃತ್ತಿ ಬಿಡುಗಡೆಯಾದ ಮೇಲೆ, ಮನೆಯಲ್ಲಿ ಕಟ್ಟಿ ಕಳಿಸಿದ ಬೈನರಿಗಳನ್ನು (ಸಿದ್ಧ ಪ್ಯಾಕೇಜುಗಳನ್ನು) ಮುಂದಿನ ಆವೃತ್ತಿ ರೂಪುಗೊಳ್ಳುವ ‘ಟೆಸ್ಟಿಂಗ್’ಗೆ ಬಿಟ್ಟುಕೊಳ್ಳುವುದನ್ನು ಡೆಬಿಯನ್ ನಿಲ್ಲಿಸಿತು. ಬಹಳ ಒಳ್ಳೆಯ ತೀರ್ಮಾನ ಅದು. ನನ್ನನ್ನು ಎಂದೂ ಕಾಣದವರು ನನ್ನ ಪ್ಯಾಕೇಜನ್ನು ರೂಟ್ ಅಧಿಕಾರ (ಯಂತ್ರದ ಪೂರ್ಣ ಅಧಿಕಾರ) ಕೊಟ್ಟು ಇನ್‌ಸ್ಟಾಲ್ ಮಾಡುತ್ತಾರೆ. ಅದು ಯಾವ ಸೋರ್ಸಿನಿಂದ ಹುಟ್ಟಿತೆಂದು ಪರೀಕ್ಷಿಸುವ ದಾರಿ ಅವರಿಗಿರಲೇಬೇಕು.

ಇನ್ನು ಟಿಟಿಎಫ್ ಮಾತು. ‘ರಾಷ್ಟ್ರ’ ಬರೆದಾಗ ಷಕಾರಕ್ಕೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು ಬರಬೇಕು. ಒಂದು ಒತ್ತು ಇನ್ನೊಂದರ ಮೇಲೆ ಬಿದ್ದಿದೆ ಎನ್ನಿ. ತಿದ್ದುವವರಿಗೆ ಬೇಕಾಗುವುದು ವಿನ್ಯಾಸಕಾರರು ಕೆಲಸ ಮಾಡಿದ ಎಸ್‌ಎಫ್‌ಡಿ ಫೈಲು, ಅಂದರೆ ಫಾಂಟ್‌ಫೋರ್ಜಿನ ಮೂಲ ಫೈಲು. ಟಿಟಿಎಫ್ ಅನ್ನೂ ತೆರೆಯಬಹುದು ನಿಜ, ಆದರೆ ಅಷ್ಟರಲ್ಲಿ ಗೈಡ್ ಗೆರೆಗಳು ಹೋಗಿರುತ್ತವೆ, ಮೂಲ ವಕ್ರರೇಖೆಗಳು ಬೇರೆ ಬಗೆಯವಾಗಿ ಬದಲಾಗಿರುತ್ತವೆ. ಸೋರ್ಸ್ ಲಭ್ಯವಿದ್ದ ಮೇಲೆ ಅದರಿಂದಲೇ ಕಟ್ಟಿ. ಕನ್ನಡದ ಒತ್ತುಗಳನ್ನು ಸರಿಪಡಿಸುವ ಕೈಗಳೇ ಕಡಿಮೆ. ಇರುವವರಿಗೆ ನಾವು ಬಾಗಿಲು ಮುಚ್ಚಬಾರದು.

ಒಂದು ಸಮಾಧಾನ: ಫಾಂಟಿನಲ್ಲಿ ಪ್ರೊಸೆಸರಿಗೆ ಸಂಬಂಧಿಸಿದ ಕೋಡ್ ಇಲ್ಲ. ‘ಆರ್ಕಿಟೆಕ್ಚರ್: ಆಲ್’ ಎಂದು ಬರೆದರೆ ಒಮ್ಮೆ ಕಟ್ಟಿದ್ದೇ ಇಂಟೆಲ್, ಆರ್ಮ್, ರಿಸ್ಕ್-ಫೈವ್ ಎಲ್ಲಕ್ಕೂ ನಡೆಯುತ್ತದೆ.

ಕಾಪಿರೈಟ್ ಫೈಲನ್ನು ಮಾತ್ರ ಅವಸರದಲ್ಲಿ ಬರೆಯಬೇಡಿ. ಹೊಸ ಪ್ಯಾಕೇಜು ಒಪ್ಪಿಗೆಗಾಗಿ ‘ನ್ಯೂ’ ಎಂಬ ಸರದಿ ಸಾಲಿನಲ್ಲಿ ನಿಂತಾಗ ಪರಿಶೀಲಿಸುವ ತಂಡದವರು ನೋಡುವುದು ಮುಖ್ಯವಾಗಿ ಅದನ್ನೇ. ಯಾವ ಫೈಲು ಯಾರದು, ಯಾವ ಲೈಸೆನ್ಸು ಎಂಬುದು ಸ್ಪಷ್ಟವಿರಲಿ. ಹೆಸರನ್ನು ‘ಫಾಂಟ್ಸ್-ಗುಬ್ಬಿ’, ‘ಫಾಂಟ್ಸ್-ನವಿಲು’ ಮಾದರಿಯಲ್ಲಿ ಇಟ್ಟು, ಡೆಬಿಯನ್ ಫಾಂಟ್ಸ್ ತಂಡಕ್ಕೆ ಬರೆಯಿರಿ. ನಿಮ್ಮ ಪರವಾಗಿ ಅಪ್‌ಲೋಡ್ ಮಾಡುವ ಸ್ಪಾನ್ಸರನ್ನು ಮೊದಲು ಅಲ್ಲೇ ಹುಡುಕಿ.